ಆ ರಾತ್ರಿ ಜೊತೆಗಿದ್ದ ಅಣ್ಣನಿಗೆ

ಮೊನ್ನೆ ಭಾನುವಾರ ಮತ್ತೆ ಗಾಡಿ ಹತ್ತಿದೆ. ಎಂಟು ತಿಂಗಳಾದ ಮೇಲೆ. ತಾವರೆಕೆರೆ ದಾಟಿ ಮಾಗಡಿ ಕಡೆಗೆ, ಅದೇ ದಾರಿ, ಅದೇ ಕೆರೆ ಏರಿ. ಆ ರಾತ್ರಿ ಅಲ್ಲಿ ಗಾಡಿಯಿಂದ ಬಿದ್ದಿದ್ದು, ಎಷ್ಟು ದಿನ ಮಲಗಿದ್ದೆ ಅನ್ನೋದೆಲ್ಲ ನಿಮಗೆ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ. ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು. ಅದಕ್ಕೇ ಕೂತಿದ್ದೇನೆ.

ದಿನಾ ಬಂದು ನೋಡಿದ ಗೆಳೆಯರು, ಊಟ ಕಳಿಸಿದ ಪಕ್ಕದ ಮನೆಯವರು, ನಾಲ್ಕು ತಿಂಗಳು ನನ್ನ ಕೆಲಸವನ್ನೂ ತಾವೇ ಎಳೆದ ಆಫೀಸಿನವರು, ದುಡ್ಡು ಕೇಳದೆ ಗಾಡಿ ರಿಪೇರಿ ಮಾಡಿಟ್ಟ ಮೆಕ್ಯಾನಿಕ್, ಎಲ್ಲರಿಗೂ ಕೈ ಮುಗಿಯುತ್ತೇನೆ. ಆದರೆ ಇವತ್ತು ಒಬ್ಬರ ಬಗ್ಗೆ ಜಾಸ್ತಿ ಬರೆಯಬೇಕು. ನೀವು ಯಾರೂ ಅವರನ್ನು ನೋಡಿಲ್ಲ.

ನನ್ನ ಭಾನುವಾರಗಳು ಹೇಗಿರುತ್ತಿದ್ದವು ಅಂತ ಹೊಸಬರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 1905ರಲ್ಲಿ ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನೆಲ್ಲ ಸೇರಿಸಿ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟ ತಂದರು. ಆಗ ಮಾಗಡಿ, ಚನ್ನಪಟ್ಟಣ, ಕನಕಪುರ ಎಲ್ಲ ಬೆಂಗಳೂರು ಜಿಲ್ಲೆಯೇ. ಅದರಲ್ಲಿ ಯಾವ ಊರಿನಲ್ಲಿ, ಯಾವ ಗುಡಿ ಮುಂದೆ, ಯಾವ ಹೊಲದಲ್ಲಿ ಕಲ್ಲಿದೆ ಅಂತ ಒಂದೊಂದು ಸಾಲು ಇರುತ್ತದೆ. ಆ ಒಂದು ಸಾಲು ಹಿಡಿದುಕೊಂಡು ನಾನು ಹೊರಡುತ್ತಿದ್ದೆ. ಗುಡಿ ಇರುತ್ತದೆ, ಕಲ್ಲು ಇರುವುದಿಲ್ಲ. ಇಲ್ಲವೇ ಕಲ್ಲು ಮೋರಿಗೆ ಚಪ್ಪಡಿಯಾಗಿರುತ್ತದೆ. ಎಷ್ಟೋ ಕಡೆ ಹೊಲವೇ ಲೇಔಟ್ ಆಗಿರುತ್ತದೆ. ಆದರೂ ಅರಳಿಕಟ್ಟೆ ಮೇಲೆ ಕೂತ ಯಾರೋ ಒಬ್ಬ ಅಜ್ಜ "ಬರವಣಿಗೆ ಕಲ್ಲಾ? ಅಲ್ಲೈತೆ ನೋಡಪ್ಪ, ಲಂಟಾನ ಬೇಲಿ ಹಿಂದೆ" ಅಂದಾಗ ಆಗುವ ಖುಷಿ ಬೇರೆ ಯಾವುದರಲ್ಲೂ ನನಗೆ ಸಿಕ್ಕಿಲ್ಲ.

ಆ ದಿನ ಸಿಕ್ಕಿದ್ದು ಒಂದು ವೀರಗಲ್ಲು. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಅಕ್ಷರ ಸವೆದಿತ್ತು. ಸವೆದ ಅಕ್ಷರ ನಡು ಮಧ್ಯಾಹ್ನ ಕಾಣುವುದಿಲ್ಲ, ಬೆಳಕು ಓರೆಯಾಗಿ ಬೀಳಬೇಕು. ಸೂರ್ಯ ಇಳಿಯಲಿ ಅಂತ ಕಾದೆ. ಆಮೇಲೆ ಟಾರ್ಚನ್ನು ಪಕ್ಕಕ್ಕೆ ಹಿಡಿದು ಇನ್ನೂ ಎರಡು ಸಾಲು ಓದಿದೆ. ಹೊರಟಾಗ ಪೂರಾ ಕತ್ತಲು. ಏರಿ ಮೇಲೆ ಮರಳು ಇತ್ತು.

ಬಿದ್ದಿದ್ದಾಗ ಎರಡು ಗಾಡಿ ನಿಲ್ಲದೆ ಹೋದವು. ಕೂಗೋಣ ಅಂದರೆ ದನಿಯೇ ಬರಲಿಲ್ಲ. ಮೂರನೆಯದು ಗಾಡಿಯಲ್ಲ, ಒಂದು ಬ್ಯಾಟರಿ ಬೆಳಕು, ಅದರ ಹಿಂದೆ ಪಂಚೆ ಮೇಲಕ್ಕೆ ಕಟ್ಟಿದ ಒಬ್ಬರು. ತ್ರೀಫೇಸ್ ಕರೆಂಟು ಬರುವ ಹೊತ್ತು ಅಂತ ಪಂಪ್ ಹಾಕಲು ತೋಟಕ್ಕೆ ಹೊರಟಿದ್ದರಂತೆ. ಹಿಪ್ಪುನೇರಳೆ ತೋಟ. ಅವತ್ತು ನೀರು ಹಾಯಿಸಲಿಲ್ಲ. ತಲೆಗೆ ಕಟ್ಟಿದ್ದ ಟವಲ್ ಬಿಚ್ಚಿ ನನಗೆ ಕಟ್ಟಿದರು, 108ಕ್ಕೆ ಫೋನ್ ಮಾಡಿದರು, ಆಂಬುಲೆನ್ಸ್‌ಗೆ ದಾರಿ ಗೊತ್ತಾಗಲಿಲ್ಲ ಅಂತ ಅರ್ಧ ಗಂಟೆ ಫೋನಿನಲ್ಲೇ ಬೇವಿನ ಮರ, ಹಾಲಿನ ಡೈರಿ, ಮುರಿದ ತೂಬು ಅಂತ ಗುರುತು ಹೇಳುತ್ತಿದ್ದರು.

ನನಗೆ ಕಣ್ಣು ಮುಚ್ಚಿಕೊಂಡು ಹೋಗುತ್ತಿತ್ತು. "ಮಲಗಬ್ಯಾಡಿ ಸಾ, ಏನಾರ ಮಾತಾಡಿ. ಅದೇನು ಕಲ್ಲು ನೋಡಕ್ಕೆ ಬಂದಿದ್ರಲ್ಲ, ಅದನ್ನೇ ಹೇಳಿ" ಅಂದರು. ನಾನು ಹೇಳಿದೆ. ಬೇಗೂರಿನ ಕಲ್ಲಿನ ಕತೆ ಹೇಳಿದೆ, ಸುಮಾರು 890ರ ಹೊತ್ತಿನದು, ಬೆಂಗಳೂರು ಕಾಳಗದಲ್ಲಿ ಸತ್ತವನದು, ಅವನು ಗಂಗರ ಅಧಿಕಾರಿ ನಾಗತ್ತರನ ಕಡೆಯವನು, ಬೆಂಗಳೂರು ಅನ್ನುವ ಹೆಸರು ಅದರಲ್ಲೇ ಇದೆ ಅಂದೆ. ಹೆಬ್ಬಾಳದ ಕಿತ್ತಯ್ಯನ ಕಲ್ಲಿನ ಕತೆ ಹೇಳಿದೆ, ಗಂಗರ ಶ್ರೀಪುರುಷನ ಕಾಲದ್ದು, 2018ರಲ್ಲಿ ಚರಂಡಿ ಕೆಲಸದ ಹೊತ್ತಿಗೆ ಸಿಕ್ಕಿದ್ದು. ಎಷ್ಟು ತೊದಲಿದೆನೋ ಗೊತ್ತಿಲ್ಲ. ಅವರು ನಡುನಡುವೆ ಪ್ರಶ್ನೆ ಕೇಳುತ್ತಿದ್ದರು. "ಕಿತ್ತಯ್ಯಂಗೆ ಮಕ್ಕಳಿದ್ರಾ ಸಾ?" ಕಲ್ಲು ಅದನ್ನು ಹೇಳುವುದಿಲ್ಲ ಅಂದೆ. "ನಿಮಗೆ?" ಅಂದರು. ಒಬ್ಬಳು ಮಗಳು ಅಂದೆ. ಆಗ ಅಳು ಬಂತು, ತಡೆಯಲಾಗಲಿಲ್ಲ. ಅವರು ನನ್ನ ಕೈ ಹಿಡಿದುಕೊಂಡವರು ಬಿಡಲಿಲ್ಲ.

ಆಂಬುಲೆನ್ಸ್‌ನಲ್ಲಿ ಜೊತೆಗೇ ಬಂದರು. ಒಂದು ಆಸ್ಪತ್ರೆ, ಅಲ್ಲಿಂದ ಇನ್ನೊಂದು. ನನ್ನ ಹೆಂಡತಿ ಬರುವ ತನಕ ಅವರೇ ಸಹಿ ಹಾಕಿದರು, ಸಂಬಂಧ ಏನು ಅಂತ ಕೇಳಿದ್ದಕ್ಕೆ ಅಣ್ಣ ಅಂತ ಬರೆಸಿದ್ದರು. ಆ ಚೀಟಿ ಈಗಲೂ ನನ್ನ ಹತ್ತಿರ ಇದೆ. ಬೆಳಗಿನ ಜಾವ ಮಾಗಡಿ ಬಸ್ ಹಿಡಿದು ವಾಪಸ್ ಹೋದರಂತೆ. ಬಸ್ ಚಾರ್ಜಿಗೆ ಅಂತ ಹೆಂಡತಿ ಕೊಟ್ಟ ದುಡ್ಡು ಮುಟ್ಟಲಿಲ್ಲ.

ಆಮೇಲೆ ಗೊತ್ತಾಗಿದ್ದು, ಆ ರಾತ್ರಿ ಅವರ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದವು. ಹುಳು ಸಾಕಿದವರಿಗೆ ಗೊತ್ತು, ಜ್ವರ ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಹಾಕುತ್ತಲೇ ಇರಬೇಕು. ಅಕ್ಕ ಒಬ್ಬರೇ ರಾತ್ರಿಯೆಲ್ಲ ಹಾಕಿದ್ದಾರೆ, ಗಂಡ ಎಲ್ಲಿ ಹೋದರು ಅಂತ ಮೊದಲ ಎರಡು ಗಂಟೆ ಅವರಿಗೂ ಗೊತ್ತಿಲ್ಲ. ಅಕ್ಕಾ, ನಿಮಗೆ ಏನು ಹೇಳಲಿ.

ಒಂದು ವಿಷಯ ಇಲ್ಲಿ ತನಕ ಯಾರಿಗೂ ಹೇಳಿಲ್ಲ. ಮೂರನೇ ತಿಂಗಳು ನನ್ನ ಶಾಸನದ ನೋಟ್‌ಬುಕ್ಕನ್ನು ಕಸದ ಬುಟ್ಟಿಗೆ ಹಾಕಿದ್ದೆ. ಯಾರೋ ಸತ್ತು ಸಾವಿರ ವರ್ಷವಾಗಿದೆ, ಅವರನ್ನು ಹುಡುಕಲು ಹೋಗಿ ನನ್ನ ಮಗಳನ್ನು ಏನು ಮಾಡಲು ಹೊರಟಿದ್ದೆ ಅಂತ ನನ್ನ ಮೇಲೇ ಸಿಟ್ಟು ಬಂದಿತ್ತು. ಹೆಂಡತಿ ಅದನ್ನು ಎತ್ತಿಟ್ಟಿದ್ದಳು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ, ನನಗೆ ಬೇಕು ಅನ್ನಿಸುವ ತನಕ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡಿದ್ದಳು.

ಬೇಕು ಅನ್ನಿಸಿದ್ದು ಅಣ್ಣನ ಫೋನಿನಿಂದ. ತಿಂಗಳಿಗೊಮ್ಮೆ ಮಾಡುತ್ತಿದ್ದರು, ಕಾಲು ಹೇಗಿದೆ ಅಂತ ಕೇಳಿ ಇಡುತ್ತಿದ್ದರು. ದಸರಾ ಹೊತ್ತಿಗೆ ಮಾಡಿದಾಗ, "ಸಾ, ಆ ಕಲ್ಲಿನ ಸುತ್ತ ಲಂಟಾನ ಕಡಿಸಿದ್ದೀನಿ. ಅದರಲ್ಲಿ ಏನ್ ಬರ್ದೈತೆ ಅಂತ ಹುಡುಗ್ರು ಕೇಳ್ತವ್ರೆ, ನನಗೆ ಹೇಳಕ್ಕೆ ಬರಲ್ಲ" ಅಂದರು.

ಹಾಗಾಗಿ ಮೊನ್ನೆ ಹೋದೆ. ಊರಿನ ಹೆಸರು, ಫೋಟೋ ಇಲ್ಲಿ ಹಾಕುತ್ತಿಲ್ಲ, ನಿಧಿ ಆಸೆಗೆ ಕಲ್ಲಿನ ಬುಡ ಅಗೆಯುವವರು ಇದ್ದಾರೆ. ಅಣ್ಣನೂ ತಮ್ಮ ಹೆಸರು ಬೇಡ ಅಂದಿದ್ದಾರೆ. ಏಳೆಂಟು ಮಕ್ಕಳು ಸುತ್ತ ಕೂತಿದ್ದರು. ಸಂಜೆಯಾಗುವ ತನಕ ಕಾಯಲು ಹೆಂಡತಿ ಒಪ್ಪಿರಲಿಲ್ಲ, ಮಧ್ಯಾಹ್ನವೇ ಓದಬೇಕಿತ್ತು. ಅಣ್ಣ ಒಂದು ಕಂಬಳಿ ತಂದು ಕಲ್ಲಿನ ಮೇಲೆ ನೆರಳಾಗುವ ಹಾಗೆ ಎತ್ತಿ ಹಿಡಿದರು, ನಾನು ಟಾರ್ಚನ್ನು ಪಕ್ಕದಿಂದ ಬಿಟ್ಟೆ. ಅಕ್ಷರ ಎದ್ದು ಬಂದವು. ನಾಲ್ಕನೇ ಸಾಲು ಓದುವ ತನಕ ಅವರು ಕೈ ಇಳಿಸಲಿಲ್ಲ.