ಬಾಣ ಬದಲಿಸಿ ಕೊಡಿ, ತಪ್ಪು ನನ್ನ ಮಗಳ ಕೈಯದ್ದಲ್ಲ

ಸಂತೆಕಟ್ಟೆ, ಉಡುಪಿ
24 ನವೆಂಬರ್ 2025

ಗ್ರಾಹಕರ ದೂರು ನೋಡಿಕೊಳ್ಳುವ ಅಧಿಕಾರಿಯವರಿಗೆ,
ಕ್ರೀಡಾ ಸಾಮಗ್ರಿ ಮಳಿಗೆ, ಮಂಗಳೂರು

ವಿಷಯ: ಹೊಸಬರ ಬಿಲ್ಲು ಕಿಟ್‌ನಲ್ಲಿ ಬಿಲ್ಲಿಗೆ ಹೊಂದದ ಬಾಣ ಕಳಿಸಿರುವ ಬಗ್ಗೆ

ಮಾನ್ಯರೇ,

ಸೆಪ್ಟೆಂಬರ್‌ನಲ್ಲಿ ನಿಮ್ಮ ಜಾಲತಾಣದಿಂದ ಮಗಳಿಗೆ ಒಂದು ರಿಕರ್ವ್ (ತುದಿಗಳು ಹೊರಕ್ಕೆ ಬಾಗಿದ) ಬಿಲ್ಲಿನ ಕಿಟ್ ತರಿಸಿದೆ. 62 ಇಂಚಿನ ಮರದ ಬಿಲ್ಲು, ಆರು ಕಾರ್ಬನ್ ಬಾಣ, ಕೈಪಟ್ಟಿ, ಬೆರಳಿಗೆ ಹಾಕಿಕೊಳ್ಳುವ ಚರ್ಮದ ಪಟ್ಟಿ. ಒಟ್ಟು 11,800 ರೂಪಾಯಿ. ಅದರಲ್ಲಿ ಬಾಣಗಳಿಗೇ 2,700 ಎಂದು ರಸೀದಿಯಲ್ಲಿದೆ. "ಬಿಲ್ಲಿಗೆ ಹೊಂದುವ ಬಾಣಗಳ ಜೊತೆ" ಎಂದು ನೀವು ದೊಡ್ಡ ಅಕ್ಷರದಲ್ಲಿ ಬರೆದಿದ್ದೀರಿ. ಆ ಒಂದು ಸಾಲು ನೋಡಿಯೇ ನಾನು ಹಣ ಕಟ್ಟಿದ್ದು.

ಮಗಳಿಗೆ 15 ವರ್ಷ. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹರ್ವಿಂದರ್ ಸಿಂಗ್ ರಿಕರ್ವ್‌ನಲ್ಲಿ ಚಿನ್ನ ಗೆದ್ದದ್ದನ್ನು ನೋಡಿದ ದಿನದಿಂದ ಅವಳ ಬಾಯಲ್ಲಿ ಬಿಲ್ಲಿನದೇ ಮಾತು. ಅವರ ಬಿಲ್ಲಿಗೆ ಗುರಿಕಡ್ಡಿ, ತೂಕದ ಕೋಲು ಎಲ್ಲ ಇರುತ್ತೆ. ಇವಳಿಗೆ ಬೇಕಾಗಿದ್ದು ಏನೂ ಇಲ್ಲದ, ಕಣ್ಣಳತೆಯಲ್ಲೇ ಹೊಡೆಯುವ ಸಾಂಪ್ರದಾಯಿಕ ಬಿಲ್ಲು. ಒಂದು ವರ್ಷ ದುಡ್ಡು ಕೂಡಿಟ್ಟಳು. ಉಳಿದದ್ದು ನಾನು ಹಾಕಿದೆ.

ಮಳೆ ನಿಂತು, ಮನೆ ಹಿಂದಿನ ಗದ್ದೆಯಲ್ಲಿ ಕೊಯ್ಲು ಮುಗಿದ ಮೇಲೆ ಶುರು ಮಾಡಿದೆವು. ಬೈಹುಲ್ಲಿನ ಕಟ್ಟುಗಳನ್ನು ಒತ್ತಾಗಿ ಜೋಡಿಸಿ, ಹಿಂದೆ ಎತ್ತರದ ಅಂಚು ಇರುವ ಜಾಗ ನೋಡಿ, ಹನ್ನೆರಡು ಹೆಜ್ಜೆ ದೂರದಿಂದ. ಮೊದಲ ದಿನದಿಂದಲೂ ಬಾಣ ಎಡಕ್ಕೇ ಹೋಯಿತು. ಒಂದು ಗೇಣು, ಒಂದೂವರೆ ಗೇಣು. ಬಿಡುವಾಗ ಬಿಲ್ಲಿಗೆ ಟಕ್ ಎಂದು ಬಡಿಯುವ ಸದ್ದು ಬೇರೆ. ನವೆಂಬರ್ 3ರಂದು ನಿಮಗೆ ಫೋನ್ ಮಾಡಿದೆ. "ಬಾಣದ್ದೇನೂ ತೊಂದರೆ ಇಲ್ಲ ಮೇಡಂ, ಕೈ ಇನ್ನೂ ಪಳಗಿಲ್ಲ, ಅಭ್ಯಾಸ ಮಾಡಿದರೆ ಸರಿಯಾಗುತ್ತೆ" ಎಂದರು ನಿಮ್ಮವರು. ನಂಬಿದೆವು. ಅವಳು ದಿನಾ ಸಂಜೆ ನೂರು ಬಾಣ ಬಿಟ್ಟಳು. ಎಡಕ್ಕೆ ಹೋಗುತ್ತದೆಂದು ಬಲಕ್ಕೆ ಗುರಿ ಇಡುವುದನ್ನು ರೂಢಿ ಮಾಡಿಕೊಂಡಳು. ಕೊನೆಗೆ ಒಂದು ದಿನ, "ನನ್ನ ಕೈಯೇ ಸರಿ ಇಲ್ಲ ಅಮ್ಮಾ" ಎಂದು ಬಿಲ್ಲನ್ನು ಕಪಾಟಿನ ಮೇಲಿಟ್ಟಳು. ಈ ಪತ್ರ ಬರೆಯಲು ಮುಖ್ಯ ಕಾರಣ ಅದೇ ಮಾತು.

ಮಣಿಪಾಲದಲ್ಲಿ ನನ್ನ ಸಹೋದ್ಯೋಗಿಯೊಬ್ಬರ ತಮ್ಮ ಹಲವು ವರ್ಷಗಳಿಂದ ಬಿಲ್ಲು ಹಿಡಿದವರು. ಕರೆದು ತೋರಿಸಿದೆ. ಬಾಣದ ಮೇಲಿನ ಸಂಖ್ಯೆ ಓದಿ ಅವರು ಕೇಳಿದ ಮೊದಲ ಮಾತು, "ಇದು ಯಾರ ಬಾಣ?"

ನೀವು ಕಳಿಸಿದ್ದು 400 ಸ್ಪೈನ್ ಬಾಣ. ಸ್ಪೈನ್ ಅಂದರೆ ಬಾಣ ಎಷ್ಟು ಬಾಗುತ್ತೆ ಎಂಬ ಲೆಕ್ಕ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣವನ್ನಿಟ್ಟು, ನಡುವೆ 880 ಗ್ರಾಂ ತೂಗುಹಾಕುತ್ತಾರೆ. ಒಂದು ಇಂಚು ಬಾಗಿದರೆ 1000, ಅರ್ಧ ಇಂಚು ಬಾಗಿದರೆ 500. ಸಂಖ್ಯೆ ಕಡಿಮೆಯಾದಷ್ಟೂ ಬಾಣ ಗಡಸು. 400ರ ಬಾಣ, ಎಳೆಯಲು ಐವತ್ತು ಪೌಂಡ್ ಆಸುಪಾಸಿನ ಬಲ ಬೇಕಾಗುವ ಬಿಲ್ಲಿಗೆ ಸರಿ. ನಮ್ಮ ಬಿಲ್ಲಿನ ಮೇಲೆ ಬರೆದಿರುವುದು 24 ಪೌಂಡ್. ಅದೂ 28 ಇಂಚು ಎಳೆದಾಗ. ಮಗಳು ಕೈ ಚಾಚಿ ನಿಂತರೆ ಬೆರಳ ತುದಿಯಿಂದ ಬೆರಳ ತುದಿಗೆ 63 ಇಂಚು. ಅದನ್ನು ಎರಡೂವರೆಯಿಂದ ಭಾಗಿಸಿದರೆ ಅವಳ ಎಳೆತ, ಅಂದರೆ ಪೂರ್ತಿ ಎಳೆದಾಗ ಬಿಲ್ಲಿನಿಂದ ಹೆದೆಗೆ ಇರುವ ದೂರ, 25 ಇಂಚು ಚಿಲ್ಲರೆ. ಅಷ್ಟಕ್ಕೆ ಅವಳ ಬೆರಳಿಗೆ ಬರುವ ಭಾರ ಇಪ್ಪತ್ತು ಪೌಂಡ್ ಕೂಡ ಇರಲಿಕ್ಕಿಲ್ಲ.

ಇಂಥ ಬಿಲ್ಲಿನಲ್ಲಿ ಬಾಣ ನೇರ ಗೆರೆ ಎಳೆದ ಹಾಗೆ ಹೊರಡುವುದಿಲ್ಲ. ಹೆದೆ ಬಿಟ್ಟ ಕೂಡಲೇ ಬಾಣ ಬಳುಕಬೇಕು. ಬಳುಕಿ ಬಿಲ್ಲಿನ ಮೈಯನ್ನು ಸುತ್ತಿಕೊಂಡು ಹೋಗಿ ಆಮೇಲೆ ನೇರವಾಗಬೇಕು. ಗಡಸು ಬಾಣ ಬೇಕಾದಷ್ಟು ಬಳುಕುವುದಿಲ್ಲ. ಬಲಗೈಯಲ್ಲಿ ಎಳೆಯುವವರಿಗೆ ಅದು ಎಡಕ್ಕೆ ಹೋಗುತ್ತೆ. ಎಷ್ಟು ಸಾವಿರ ಬಾಣ ಬಿಟ್ಟರೂ ಎಡಕ್ಕೇ ಹೋಗುತ್ತೆ. ನಿಮ್ಮ ಬಾಣ 30 ಇಂಚು ಇದೆ. ಉದ್ದ ಜಾಸ್ತಿ ಇದ್ದರೆ ಬಾಣ ಸ್ವಲ್ಪ ಮೆತ್ತಗೆ ನಡೆದುಕೊಳ್ಳುತ್ತೆ ಎಂದು ನೀವು ಹೇಳಬಹುದು. ಹೌದು, ಆದರೆ ಇಷ್ಟು ದೊಡ್ಡ ವ್ಯತ್ಯಾಸ ಅದರಿಂದ ತುಂಬುವುದಿಲ್ಲ. ಜೊತೆಗೆ ಬಾಣದ ಹಿಂದೆ ಗರಿ ಇಲ್ಲ, ಪ್ಲಾಸ್ಟಿಕ್ ರೆಕ್ಕೆ ಇದೆ. ಹಿಡಿಯ ಮೇಲಿನ ಅಂಚಿನಲ್ಲೇ ಬಾಣ ಇಟ್ಟು ಬಿಡುವ ಬಿಲ್ಲಿಗೆ ಗರಿ ಬೇಕು. ಗರಿಯಾದರೆ ತಾಗಿದಾಗ ಮಲಗುತ್ತೆ. ಪ್ಲಾಸ್ಟಿಕ್ ತಾಗಿ ಬಾಣವನ್ನೇ ಒದೆಯುತ್ತೆ. ನಾವು ಕೇಳಿದ ಟಕ್ ಸದ್ದು ಅದೇ.

ಮಣಿಪಾಲದಿಂದ ಬಂದವರು ತಮ್ಮ ಹತ್ತಿರ ಇದ್ದ 1000 ಸ್ಪೈನಿನ, ಗರಿ ಇರುವ ಆರು ಬಾಣ ಕೊಟ್ಟರು. ಅದೇ ಹುಡುಗಿ, ಅದೇ ಬಿಲ್ಲು, ಅದೇ ಗದ್ದೆ. ಬಲಕ್ಕೆ ಗುರಿ ಇಡುವ ರೂಢಿ ಬಿಡಿಸಲು ಅರ್ಧ ಗಂಟೆ ಬೇಕಾಯಿತು. ಆಮೇಲೆ ಆರರಲ್ಲಿ ನಾಲ್ಕು ಬಾಣ ಒಂದು ತಟ್ಟೆಯಷ್ಟು ಜಾಗದಲ್ಲಿ ನಿಂತವು. ಅವಳ ಮುಖ ನೋಡಬೇಕಿತ್ತು.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ನಿಮ್ಮ ಬಾಣಗಳಲ್ಲಿ ಒಂದು ಎಡಕ್ಕೆ ಹಾರಿ ಮುರಕಲ್ಲಿನ ಕಂಪೌಂಡಿಗೆ ಬಡಿದಿತ್ತು. ಹೊರಗಿಂದ ಏನೂ ಕಾಣಲಿಲ್ಲ. ಒರೆಸಿ ಮತ್ತೆ ಉಳಿದವುಗಳ ಜೊತೆ ಇಟ್ಟಿದ್ದೆವು. ಬಂದವರು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿದಾಗ ಆ ಬಾಣ ಚಿರ್ ಎಂದಿತು. ಒಳಗೆ ಬಿರುಕು. ಬಿರುಕು ಬಿಟ್ಟ ಕಾರ್ಬನ್ ಬಾಣ ಹೆದೆ ಬಿಟ್ಟ ಕ್ಷಣ ಒಡೆದರೆ ಅದರ ಸೀಳು ಬಿಲ್ಲು ಹಿಡಿದ ಕೈಯೊಳಗೇ ಹೋಗುತ್ತೆ. ಗಟ್ಟಿ ವಸ್ತುವಿಗೆ ಬಡಿದ ಬಾಣವನ್ನು ಹೀಗೆ ಪರೀಕ್ಷಿಸಬೇಕು ಎಂದು ನಿಮ್ಮ ಡಬ್ಬಿಯಲ್ಲಿ ಒಂದು ಚೀಟಿ ಕೂಡ ಇರಲಿಲ್ಲ. ಬಾಣ ಇಲ್ಲದೆ ಹೆದೆ ಎಳೆದು ಬಿಡಬಾರದು ಎಂದೂ ಬರೆದಿರಲಿಲ್ಲ. ಹೆದೆ ಏರಿಸುವ ಹಗ್ಗವೂ ಇರಲಿಲ್ಲ. ಅದಿಲ್ಲದೆ ಕಾಲಡಿ ಒತ್ತಿ ಹೆದೆ ಏರಿಸಲು ಹೋದರೆ ಬಿಲ್ಲಿನ ತೋಳು ತಿರುಚಿಕೊಳ್ಳಬಹುದು. ಮಕ್ಕಳ ಕೈಗೆ ಹೋಗುವ ಸಾಮಾನು ಇದು, ಇಷ್ಟಾದರೂ ಹೇಳಬೇಕಲ್ವಾ?

ಬಿರುಕು ಬಿಟ್ಟದ್ದೂ ಸೇರಿ ಆರೂ ಬಾಣ ವಾಪಸ್ ತೆಗೆದುಕೊಳ್ಳಿ. ಬದಲಿಗೆ ಸುಮಾರು 1000 ಸ್ಪೈನಿನ, 27 ಇಂಚು ಉದ್ದದ, ಗರಿ ಕಟ್ಟಿದ ಆರು ಬಾಣ ಕೊಡಿ. ನಿಮ್ಮಲ್ಲಿ ಇಲ್ಲದಿದ್ದರೆ 2,700 ರೂಪಾಯಿ ಹಿಂತಿರುಗಿಸಿ, ನಾನೇ ಬೇರೆ ಕಡೆ ತರಿಸುತ್ತೇನೆ. ಬಿಲ್ಲು ಚೆನ್ನಾಗಿದೆ, ಅದರ ಬಗ್ಗೆ ದೂರಿಲ್ಲ. ಮತ್ತೆ, ಬಿಲ್ಲು ಕೇಳುವವರ ಎಳೆತ ಎಷ್ಟು, ಯಾವ ಕೈ ಎಂದು ಆರ್ಡರ್ ತೆಗೆದುಕೊಳ್ಳುವಾಗಲೇ ಕೇಳಿ. ಎರಡು ನಿಮಿಷದ ಕೆಲಸ. ಅಲ್ಲಿಯವರೆಗೆ "ಹೊಂದುವ ಬಾಣ" ಎಂಬ ಮಾತನ್ನು ಜಾಲತಾಣದಿಂದ ತೆಗೆದುಬಿಡಿ.

ವಾಪಸ್ ಕೊಡುವ ಅವಧಿ ಮುಗಿದಿದೆ ಎಂದು ಫೋನಿನಲ್ಲಿ ಹೇಳಿದ್ದೀರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದ ವಸ್ತುವನ್ನು ಹಿಂದೆ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇನೆ, ಬೇಕಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಅಲ್ಲಿಯವರೆಗೆ ಹೋಗುವುದು ನನಗೆ ಇಷ್ಟವಿಲ್ಲ.

ರಸೀದಿಯ ಪ್ರತಿ, ಬಾಣದ ಮೇಲಿನ ಸಂಖ್ಯೆಯ ಫೋಟೊ, ಬಿರುಕಿನ ಫೋಟೊ, ನಿಮ್ಮ ಜಾಲತಾಣದ ಆ ಪುಟದ ಚಿತ್ರ ಜೊತೆಗಿಟ್ಟಿದ್ದೇನೆ. ಎರವಲು ತಂದ ಬಾಣಗಳನ್ನು ಡಿಸೆಂಬರ್ ಕೊನೆಗೆ ವಾಪಸ್ ಕೊಡಬೇಕು. ಅಷ್ಟರೊಳಗೆ ಮಗಳ ಕೈಗೆ ಅವಳದೇ ಬಾಣ ಬರುವ ಹಾಗೆ ಮಾಡಿಕೊಡಿ.

ಇಂತಿ,
ನಿಮ್ಮ ಗ್ರಾಹಕಿ