ವೈಜ್ಞಾನಿಕ ಕಥೆಗಳಿಗೂ ಬೇಕು ಚರಿತ್ರೆಕಾರ

ಮಾನ್ಯರೆ,

ಕನ್ನಡದ ಹಳೆಯ ನಿಯತಕಾಲಿಕೆಗಳಲ್ಲಿ ಬಂದ ವೈಜ್ಞಾನಿಕ ಹಾಗೂ ಅದ್ಭುತ ಕಥೆಗಳನ್ನು ಹುಡುಕಿ, ಸಂಕಲಿಸಿ, ಅವುಗಳ ಚರಿತ್ರೆ ಬರೆಯುವ ಕೆಲಸ ಇನ್ನು ತಡವಾಗಬಾರದು. ಇಂಗ್ಲಿಷಿನಲ್ಲಿ ಬ್ರಿಟನ್ನಿನ ಮೈಕ್ ಆ್ಯಶ್ಲಿ ಇದನ್ನೇ ಬದುಕಿನ ಕಾಯಕವಾಗಿಸಿಕೊಂಡವರು. 1926ರಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ ಆರಂಭಿಸಿದ ‘ಅಮೇಜಿಂಗ್ ಸ್ಟೋರೀಸ್’ನಂಥ ಅಗ್ಗದ ಪತ್ರಿಕೆಗಳ ಚರಿತ್ರೆಯನ್ನು ಅವರು 1970ರ ದಶಕದಿಂದಲೇ ಸಂಪುಟಗಳಲ್ಲಿ ದಾಖಲಿಸುತ್ತ ಬಂದರು. ಮರೆತುಹೋದ ಎಷ್ಟೋ ಕಥೆಗಳು ಬ್ರಿಟಿಷ್ ಲೈಬ್ರರಿಗಾಗಿ ಅವರು ಮಾಡಿದ ಸಂಕಲನಗಳಿಂದ ಮತ್ತೆ ಓದುಗರ ಕೈಸೇರಿವೆ.

ನಮ್ಮಲ್ಲೂ ರಾಜಶೇಖರ ಭೂಸನೂರಮಠರಂಥವರು ಈ ಪ್ರಕಾರವನ್ನು ಶ್ರದ್ಧೆಯಿಂದ ಬೆಳೆಸಿದ್ದಾರೆ. ಪುಸ್ತಕವಾಗದೆ ಪತ್ರಿಕೆಯ ಪುಟದಲ್ಲೇ ಉಳಿದ ಕಥೆ ಆ ಸಂಚಿಕೆಯ ಜೊತೆಗೇ ನಶಿಸುತ್ತದೆ. ಹಳೆಯ ಕಾಗದ ಮುಟ್ಟಿದರೆ ಪುಡಿಯಾಗುವಂತಿರುತ್ತದೆ. ಇದು ನಿಜಕ್ಕೂ ನೋವಿನ ಸಂಗತಿ.

1890ರಲ್ಲಿ ಸ್ಥಾಪನೆಯಾದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಮತ್ತು ಕರ್ನಾಟಕ ವಿಶ್ವವಿದ್ಯಾಲಯ ಕೂಡಿ ಈ ಹೊಣೆ ಹೊರಬೇಕು. 1956ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ‘ಕಸ್ತೂರಿ’ಯ ಹಳೆಯ ಸಂಚಿಕೆಗಳಿಂದಲೇ ಹುಡುಕಾಟ ಶುರುವಾಗಲಿ. ಮೊದಲು ಲೇಖಕರ ಹೆಸರು, ಸಂಚಿಕೆ, ಪುಟಸಂಖ್ಯೆಗಳ ಸೂಚಿ ಸಿದ್ಧವಾಗಲಿ. ಸಂಶೋಧನ ವಿದ್ಯಾರ್ಥಿಗಳಿಗೆ ಇದನ್ನು ವಹಿಸಬಹುದು. ಮನೆಗಳಲ್ಲಿ ಹಳೆಯ ಸಂಚಿಕೆ ಕಾಪಾಡಿಕೊಂಡವರು ಅವುಗಳನ್ನು ರದ್ದಿಗೆ ಹಾಕದೆ ಪ್ರತಿ ತೆಗೆಯಲು ಕೊಡಬೇಕು.

– ಒಬ್ಬ ಓದುಗ, ಧಾರವಾಡ