ಬೀಗ ಹಾಕಿದ ಗೇಟು, ಬಿಗಿಯದ ಗೋಲ್‌ಪೋಸ್ಟ್: ಫುಟ್‌ಬಾಲ್ ಕಾಂಪ್ಲೆಕ್ಸ್ ವ್ಯವಸ್ಥಾಪಕರಿಗೆ ಒಂದು ದೂರು

ಇವರಿಗೆ,
ವ್ಯವಸ್ಥಾಪಕರು,
ಸಮುದಾಯ ಫುಟ್‌ಬಾಲ್ ಕಾಂಪ್ಲೆಕ್ಸ್

ವಿಷಯ: ಅಭ್ಯಾಸದ ಮೈದಾನದ ಗೋಲ್‌ಪೋಸ್ಟ್, ಮುಖ್ಯ ಸ್ಟೇಡಿಯಂನ ಗೇಟುಗಳು ಮತ್ತು ಎಇಡಿ ಯಂತ್ರದ ಬಗ್ಗೆ ದೂರು

ಮಾನ್ಯರೇ,

ನಾನು ನಿಮ್ಮ ಕಾಂಪ್ಲೆಕ್ಸ್‌ನಲ್ಲಿ ಮಕ್ಕಳ ತಂಡಗಳಿಗೆ ಕೋಚ್. ಬಾಯಿಮಾತಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಕೌಂಟರಿನಲ್ಲಿ ಕೂತವರು ಪ್ರತಿ ಸಲವೂ "ಮೇಲಿನವರಿಗೆ ಹೇಳ್ತೀವಿ ಸರ್" ಎನ್ನುತ್ತಾರೆ. ಆ ಮೇಲಿನವರು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಅದಕ್ಕೇ ಈ ಪತ್ರ. ನಮ್ಮ ತಂಡದ ಮಕ್ಕಳ ಅಪ್ಪ ಅಮ್ಮಂದಿರೂ ಇದನ್ನು ಓದಿ ಒಪ್ಪಿದ್ದಾರೆ.

ಮೊದಲು ತುರ್ತಿನ ವಿಷಯ. ಹಿಂಬದಿಯ ಅಭ್ಯಾಸದ ಮೈದಾನಗಳಲ್ಲಿ ಇರುವುದು ಎಳೆದು ಜಾಗ ಬದಲಿಸುವ ಗೋಲ್‌ಪೋಸ್ಟ್‌ಗಳು. ಅವುಗಳ ಭಾರವೆಲ್ಲ ಮುಂದೆಯೇ ಇದೆ. ಹಿಂದೆ ನೆಲಕ್ಕೆ ತಾಗಿಕೊಂಡಿರುವುದು ಒಂದು ತೆಳು ಪೈಪು, ಅಷ್ಟೇ. ಆ ಪೈಪಿನ ಮೇಲೆ ಮರಳಿನ ಮೂಟೆ ಹೇರಬೇಕು, ಇಲ್ಲವೇ ಗೂಟ ಹೊಡೆದು ನೆಲಕ್ಕೆ ಬಿಗಿಯಬೇಕು. ಎರಡೂ ಇಲ್ಲ. ಕಳೆದ ಶನಿವಾರ ಅಭ್ಯಾಸ ಮುಗಿದ ಮೇಲೆ ಒಬ್ಬ ಹುಡುಗ ಹಾರಿ ಅಡ್ಡಪಟ್ಟಿಗೆ ಜೋತುಬಿದ್ದ. ಹಿಂದಿನ ಪೈಪು ನೆಲ ಬಿಟ್ಟು ಮೇಲೆದ್ದಿತು. ಪಕ್ಕದಲ್ಲೇ ಚೆಂಡು ಎತ್ತಿಡುತ್ತಿದ್ದ ನಮ್ಮ ಇನ್ನೊಬ್ಬ ಕೋಚ್ ಓಡಿಹೋಗಿ ಪೈಪಿನ ಮೇಲೆ ನಿಂತರು. ಹುಡುಗ ಕೈಬಿಟ್ಟು ಕೆಳಗಿಳಿದ. ಅವತ್ತು ಅಲ್ಲಿ ಅವರು ಇಲ್ಲದಿದ್ದರೆ?

"ಮಕ್ಕಳಿಗೆ ಬುದ್ಧಿ ಹೇಳಿ" ಅಂತ ನಿಮ್ಮ ಸಿಬ್ಬಂದಿ ಹೇಳಿದರು. ಹೇಳುತ್ತೇವೆ, ದಿನವೂ ಹೇಳುತ್ತೇವೆ. ಆದರೆ ಗೋಲ್‌ಪೋಸ್ಟ್ ಕಂಡರೆ ಜೋತುಬೀಳದ ಮಕ್ಕಳು ಎಲ್ಲಿದ್ದಾರೆ? ಗೋಲ್‌ಪೋಸ್ಟ್ ಮಗುಚಿ ಮಕ್ಕಳು ಸತ್ತದ್ದು ಬೇರೆ ಬೇರೆ ದೇಶಗಳಲ್ಲಿ ಆಗಿದೆ. ಜೋರು ಗಾಳಿ ಬೀಸಿದರೂ ಸಾಕು. ಫುಟ್‌ಬಾಲ್‌ನ ನಿಯಮಗಳಲ್ಲಿ ಮೊದಲನೆಯದೇ ಮೈದಾನದ ನಿಯಮ. ಗೋಲ್‌ಪೋಸ್ಟ್ ನೆಲಕ್ಕೆ ಭದ್ರವಾಗಿ ಬಿಗಿದಿರಬೇಕು, ಎಳೆದಾಡುವ ಪೋಸ್ಟ್ ಆದರೂ ಅಷ್ಟೇ, ಎಂದು ಅದರಲ್ಲಿ ಸ್ಪಷ್ಟವಾಗಿದೆ. ಕಂಬದಿಂದ ಕಂಬಕ್ಕೆ 7.32 ಮೀಟರ್, ಎತ್ತರ 2.44 ಮೀಟರ್ ಅಂತ ಅಳತೆ ಮಾತ್ರ ಸರಿ ಇಟ್ಟು ಬಿಗಿಯುವುದನ್ನು ಬಿಟ್ಟರೆ ಏನು ಬಂತು?

ಮೂಟೆಗಳೇ ಇಲ್ಲವಾ ಅಂದರೆ, ಇವೆ! ಸ್ಟೋರ್ ರೂಮಿನ ಕಿಟಕಿಯಿಂದ ನೋಡಿದೆ. ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ, ಮೇಲಿನ ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. ಬಾಗಿಲಿಗೆ ಬೀಗ.

ಈ ಬೀಗದ ಕಾಟ ಮುಖ್ಯ ಸ್ಟೇಡಿಯಂನಲ್ಲಿ ಇನ್ನೂ ಜಾಸ್ತಿ. ಹೋದ ಭಾನುವಾರ ಫೈನಲ್ ಇತ್ತು, ಗ್ಯಾಲರಿ ತುಂಬಿತ್ತು. ಪಂದ್ಯ ಮುಗಿದಾಗ ಅಷ್ಟೂ ಜನ ಮುಂದಿನ ಒಂದೇ ಗೇಟಿನಿಂದ ಹೊರಗೆ ಬರಬೇಕಾಯಿತು. ಹಿಂಬದಿಯ ಗೇಟಿಗೆ ಸರಪಳಿ ಸುತ್ತಿ ಬೀಗ ಜಡಿದಿದ್ದರು. ಬೀಗಕ್ಕೆ ತುಕ್ಕು ಹಿಡಿದಿದೆ, ಅಂದರೆ ಅದನ್ನು ತೆಗೆದು ಎಷ್ಟು ಕಾಲವಾಯಿತೋ ಏನೋ. ಕೀ ಕೇಳಿದರೆ ಸೆಕ್ಯೂರಿಟಿಯವರ ಹತ್ತಿರ ಇಲ್ಲ. "ಗೇಟ್ ತೆಗೆದರೆ ಟಿಕೆಟ್ ಇಲ್ಲದವರು ನುಗ್ತಾರೆ ಸರ್" ಎಂದರು. ಅವರನ್ನು ನಾನು ದೂರುವುದಿಲ್ಲ, ಅವರಿಗೆ ಹೇಳಿದ್ದನ್ನು ಅವರು ಮಾಡುತ್ತಿದ್ದಾರೆ. ನುಗ್ಗುವವರನ್ನು ತಡೆಯಬೇಕಾದರೆ ಗೇಟಿನ ಹತ್ತಿರ ಒಬ್ಬರನ್ನು ನಿಲ್ಲಿಸಿ. ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯದ ಬಾಗಿಲುಗಳೂ ಬರುತ್ತವೆ.

ಅದೇ ಗ್ಯಾಲರಿಯ ಕೆಳಗೆ ಒಮ್ಮೆ ಬಗ್ಗಿ ನೋಡಿ. ಹರಿದ ನೆಟ್‌ಗಳು, ಮುರಿದ ಕುರ್ಚಿಗಳು, ರಟ್ಟಿನ ಪೆಟ್ಟಿಗೆಗಳು, ಅರ್ಧ ಉಳಿದ ಪೇಂಟ್ ಡಬ್ಬಗಳು. ಇದನ್ನು ನೋಡಿದರೆ ಫುಟ್‌ಬಾಲ್ ಬಲ್ಲ ಯಾರಿಗಾದರೂ ಬ್ರಾಡ್‌ಫರ್ಡ್ ನೆನಪಾಗುತ್ತದೆ. 1985ರ ಮೇ 11ರಂದು ಇಂಗ್ಲೆಂಡಿನ ಆ ಊರಿನ ವ್ಯಾಲಿ ಪರೇಡ್ ಸ್ಟೇಡಿಯಂನಲ್ಲಿ ಹಳೆಯ ಮರದ ಗ್ಯಾಲರಿಯ ಕೆಳಗೆ ಬಿದ್ದಿದ್ದ ಕಸಕ್ಕೆ ಬೆಂಕಿ ತಗುಲಿತು. ಕೆಲವೇ ನಿಮಿಷಗಳಲ್ಲಿ ಇಡೀ ಗ್ಯಾಲರಿ ಹೊತ್ತಿ ಉರಿಯಿತು. 56 ಜನ ಸತ್ತರು. ಹಿಂದಿನ ಬಾಗಿಲುಗಳ ಕಡೆ ಓಡಿದವರಿಗೆ ಹೆಚ್ಚಿನವು ಮುಚ್ಚಿದ್ದವು. ಮುಂದೆ ಮೈದಾನದ ಕಡೆ ಹಾರಿದವರು ಉಳಿದರು, ಏಕೆಂದರೆ ಅಲ್ಲಿ ಎತ್ತರದ ಬೇಲಿ ಇರಲಿಲ್ಲ. ನಮ್ಮ ಸ್ಟೇಡಿಯಂನಲ್ಲಿ ಬೇಲಿ ಇದೆ. ಬೇಲಿಯ ಗೇಟಿಗೂ ಬೀಗ ಇದೆ. ನಮ್ಮದು ಕಾಂಕ್ರೀಟ್ ಗ್ಯಾಲರಿ, ಅಷ್ಟು ಬೇಗ ಹೊತ್ತಿಕೊಳ್ಳಲ್ಲ ಎಂದು ನೀವು ಹೇಳಬಹುದು. ಸರಿ. ಆದರೆ ಪ್ಲಾಸ್ಟಿಕ್ ಕುರ್ಚಿ, ಪೇಂಟ್ ಉರಿದರೆ ಬರುವ ಹೊಗೆಯೇ ಸಾಕಲ್ವಾ?

ಇನ್ನು ಎಇಡಿ ಯಂತ್ರ. ಹೃದಯ ಇದ್ದಕ್ಕಿದ್ದಂತೆ ಲಯ ತಪ್ಪಿ ಕುಸಿದು ಬಿದ್ದವರಿಗೆ ಶಾಕ್ ಕೊಡುವ ಆ ಪೆಟ್ಟಿಗೆಯನ್ನು ನೀವು ಕೊಂಡಿದ್ದೀರಿ. ಒಳ್ಳೆಯ ಕೆಲಸ, ಅದನ್ನು ಮೆಚ್ಚಿಕೊಳ್ಳುತ್ತೇನೆ. ಆದರೆ ಅದು ಇರುವುದು ಆಫೀಸಿನ ಕಬೋರ್ಡಿನಲ್ಲಿ. ಆಫೀಸು ಸಂಜೆ ಮುಚ್ಚುತ್ತದೆ, ಪಂದ್ಯಗಳು ನಡೆಯುವುದು ರಾತ್ರಿ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಪಂದ್ಯದ ನಡುವೆಯೇ ಕುಸಿದದ್ದು ನಿಮಗೆ ನೆನಪಿರಬಹುದು. ಎದೆ ಒತ್ತುವ ಕೈಗಳು, ಶಾಕ್ ಕೊಡುವ ಯಂತ್ರ ಎರಡೂ ಮೈದಾನದ ಅಂಚಿನಲ್ಲೇ ಇದ್ದವು. ಅವರು ಉಳಿದರು, ಮತ್ತೆ ಆಡಿದರು. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಆಫೀಸಿನ ಕೀ ಯಾರ ಮನೆಯಲ್ಲಿದೆ ಅಂತ ಹುಡುಕುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಟರ್ಫ್, ಅಂದರೆ ಕೃತಕ ಹುಲ್ಲಿನ ಹಾಸಿನ ಬಗ್ಗೆಯೂ ಹೇಳಬೇಕು. ಮುಖ್ಯ ಸ್ಟೇಡಿಯಂ ಬಾಗಿಲಿನಲ್ಲಿ "ಫೀಫಾ ಗುಣಮಟ್ಟದ ಟರ್ಫ್" ಎಂಬ ದೊಡ್ಡ ಬೋರ್ಡ್ ಇದೆ. ಸಮುದಾಯದ ಮೈದಾನಗಳಿಗೆ ಕೊಡುವ ಫೀಫಾ ಕ್ವಾಲಿಟಿ ಪ್ರಮಾಣಪತ್ರಕ್ಕೆ ಮೂರು ವರ್ಷದ ಅವಧಿ. ಆಮೇಲೆ ಮತ್ತೆ ಪರೀಕ್ಷೆ ಮಾಡಿಸಬೇಕು. ನಿಮ್ಮ ಬೋರ್ಡಿನಲ್ಲಿ ಯಾವ ವರ್ಷವೂ ಇಲ್ಲ. ಪೆನಾಲ್ಟಿ ಗುರುತಿನ ಹತ್ತಿರ ಹುಲ್ಲಿನ ನಡುವೆ ತುಂಬಿದ್ದ ರಬ್ಬರ್ ಕಾಳು ಎಲ್ಲ ಚದುರಿ ಹೋಗಿ ಕೆಳಗಿನ ಬಟ್ಟೆ ಕಾಣುತ್ತಿದೆ. ಗೋಲ್‌ಕೀಪರ್ ನಿಲ್ಲುವ ಕಡೆ ಎರಡು ಹಾಳೆಗಳ ನಡುವಿನ ಜೋಡಣೆ ಬಿಟ್ಟುಕೊಂಡಿದೆ, ಅದರ ಮೇಲೆ ಟೇಪ್ ಅಂಟಿಸಿದ್ದಾರೆ. ಬೂಟಿನ ಮೊಳೆ ಅಲ್ಲಿ ಸಿಕ್ಕಿಕೊಂಡರೆ ಮೊಣಕಾಲು ತಿರುಚುತ್ತದೆ. ಬ್ರಷ್ ಹೊಡೆದು ಕಾಳು ಸಮ ಮಾಡುವುದು, ಕಡಿಮೆ ಇದ್ದಲ್ಲಿ ತುಂಬುವುದು ದೊಡ್ಡ ಖರ್ಚಿನ ಕೆಲಸವಲ್ಲ. ನಿರ್ವಹಣೆ ಶುಲ್ಕ ಅಂತ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೆಗೆದುಕೊಳ್ಳುತ್ತೀರಲ್ಲ, ಅದು ಎಲ್ಲಿಗೆ ಹೋಗುತ್ತಿದೆ?

ಫ್ಲಡ್‌ಲೈಟ್ ಬುಕಿಂಗ್ ಮುಗಿಯುವ ಮೊದಲೇ ಆರಿಹೋಗುವುದು, ಒಂದೇ ಹೊತ್ತಿಗೆ ಎರಡು ತಂಡಗಳಿಗೆ ಮೈದಾನ ಕೊಡುವುದು, ಹೆಣ್ಣುಮಕ್ಕಳ ಡ್ರೆಸಿಂಗ್ ರೂಮಿನ ಚಿಲಕ ಇಲ್ಲದಿರುವುದು, ಇವನ್ನೂ ದಾಖಲಿಸಿಕೊಳ್ಳಿ. ಚಿಲಕ ಹಾಕಿಸುವುದು ಅರ್ಧ ಗಂಟೆಯ ಕೆಲಸ. ಬೀಗ ಬೇಕಾದ ಒಂದೇ ಜಾಗದಲ್ಲಿ ಚಿಲಕವೂ ಇಲ್ಲ ಅನ್ನುವುದು ಬೇರೆ ಮಾತು.

ನಾನು ಕೇಳುವುದು ಇಷ್ಟು. ಮರಳಿನ ಮೂಟೆಗಳನ್ನು ನಾಳೆಯೇ ಹೊರಗೆ ತಂದು ಹಾಕಿಸಿ. ಮುಂದಿನ ಪಂದ್ಯದ ದಿನ ಹಿಂಬದಿ ಗೇಟು, ಬೇಲಿಯ ಗೇಟು ಎರಡೂ ತೆರೆದಿರಲಿ, ಪಕ್ಕದಲ್ಲಿ ಜನ ಇರಲಿ. ಗ್ಯಾಲರಿ ಕೆಳಗಿನ ಸಾಮಾನು ಅಷ್ಟರೊಳಗೆ ಖಾಲಿಯಾಗಲಿ. ಎಇಡಿ ಯಂತ್ರವನ್ನು ಮೈದಾನದ ಹೊರಗೋಡೆಗೆ, ಯಾರು ಬೇಕಾದರೂ ತೆಗೆಯುವಂತೆ ಹಾಕಿಸಿ. ಟರ್ಫ್ ಪರೀಕ್ಷೆಯ ಕೊನೆಯ ವರದಿಯ ಪ್ರತಿ ಕೊಡಿ. ವರದಿ ಇಲ್ಲದಿದ್ದರೆ ಬೋರ್ಡ್ ಇಳಿಸಿ.

15 ದಿನಗಳೊಳಗೆ ಲಿಖಿತ ಉತ್ತರ ಬೇಕು. ಮೂಟೆ ಹಾಕುವ ತನಕ ಆ ಮೈದಾನಗಳಿಗೆ ನಮ್ಮ ಮಕ್ಕಳನ್ನು ಇಳಿಸುವುದಿಲ್ಲ. ಅಷ್ಟು ದಿನದ ಬಾಡಿಗೆಯನ್ನು ಮುಂದಿನ ತಿಂಗಳ ಬಿಲ್ಲಿನಲ್ಲಿ ಕಳೆಯಿರಿ. ಉತ್ತರ ಬಾರದಿದ್ದರೆ ಇದೇ ಪತ್ರ ಫೋಟೋಗಳ ಸಮೇತ ಅಗ್ನಿಶಾಮಕ ಇಲಾಖೆಗೆ ಹೋಗುತ್ತದೆ.

ಇಂತಿ,
ಮಕ್ಕಳ ತಂಡಗಳ ಪರವಾಗಿ,
ಕೋಚ್

ಲಗತ್ತು: ಗೋಲ್‌ಪೋಸ್ಟ್, ಹಿಂಬದಿ ಗೇಟಿನ ಬೀಗ, ಗ್ಯಾಲರಿ ಕೆಳಭಾಗ ಮತ್ತು ಟರ್ಫ್ ಜೋಡಣೆಯ ಫೋಟೋಗಳು